ಬಾವುಟಗುಡ್ಡೆಯ ವಿದ್ಯಾಲಯಕ್ಕೆ ಹೋಗತಕ್ಕವರಿಗೆ

ಮಂಗಳೂರಿಗೆ ಬರುವ ಯಾತ್ರಿಕರಲ್ಲಿ ಬಹುಮಂದಿ ಕದ್ರಿ, ಮಂಗಳಾದೇವಿ, ಪಣಂಬೂರಿನ ಕಡಲತೀರ ಇವುಗಳನ್ನೆಲ್ಲ ಸುತ್ತಿ ಮುಗಿಸಿ, ಸಂಜೆಯ ರೈಲಿಗೆ ಇನ್ನೂ ಒಂದು ಗಂಟೆ ಉಳಿದಿದೆಯೆಂದು ತಿಳಿದಾಗ, ಗೋಡೆತುಂಬ ಚಿತ್ರಗಳಿರುವ ಆ ಚಾಪೆಲನ್ನೂ ಒಮ್ಮೆ ಕಂಡುಬಿಡೋಣವೆಂದು ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಗುಡ್ಡವನ್ನೇರುವುದು ವಾಡಿಕೆಯಾಗಿದೆ. ಹಾಗೆ ಏರಿದವರಿಗೆ ಚಿತ್ರಗಳೇನೋ ಕಾಣುತ್ತವೆ; ಆದರೆ ಯಾವುದಕ್ಕಾಗಿ ಆ ಚಿತ್ರಗಳು ಹುಟ್ಟಿದುವೋ ಆ ಶಾಲೆ ಕಾಣುವುದಿಲ್ಲ. ಊರಿನ ಒಂದು ಧರ್ಮಕೇಂದ್ರದ ಜನರಿಗಾಗಿ ಕಟ್ಟಿದ ಇಗರ್ಜಿ ಇದಲ್ಲ, ಶಾಲಾ ಬಾಲಕರ ಪ್ರಾರ್ಥನೆಗಾಗಿ ಕಟ್ಟಿದ ಮಂದಿರ. ಇಂದಿಗೂ ಅದರ ಹೊರಗಡೆ ಗಂಟೆ ಬಾರಿಸುತ್ತದೆ, ಹುಡುಗರು ತಡವಾಯಿತೆಂದು ಓಡುತ್ತಾರೆ. ಆದುದರಿಂದ ಇಲ್ಲಿಗೆ ಹೊರಡುವಾತನು ಪ್ರವಾಸಿಯ ದಿನಚರಿಯನ್ನು ಬದಿಗಿಟ್ಟು ಶಾಲೆಯ ದಿನಚರಿಯನ್ನು ಕೈಗೆತ್ತಿಕೊಳ್ಳುವುದು ಮೊದಲನೆಯ ಕರ್ತವ್ಯವೆಂದು ನಾನು ಭಾವಿಸುತ್ತೇನೆ. ಅದರಲ್ಲಿಯೂ ಈಚಿನ ಎರಡು ಮೂರು ವರ್ಷಗಳಲ್ಲಿ ಆ ದಿನಚರಿಯೇ ಬದಲಾಗಿರುವಾಗ ಹಳೆಯ ಪ್ರವಾಸಿ ಪುಸ್ತಕಗಳನ್ನು ನಂಬಿ ಹೊರಡುವುದು ಉಚಿತವಲ್ಲ.

ಬದಲಾವಣೆಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ನಾಮಫಲಕ. 2024ರ ಜನವರಿಯಲ್ಲಿ ಇಲ್ಲಿನ ಪದವಿ ಕಾಲೇಜು ಪರಿಗಣಿತ ವಿಶ್ವವಿದ್ಯಾಲಯದ, ಎಂದರೆ ಜನರು ‘ಡೀಮ್ಡ್’ ಎಂದು ಕರೆಯುವ, ಸ್ಥಾನವನ್ನು ಪಡೆಯಿತು. ಮೊದಲು ಮದರಾಸಿಗೆ, ಏಕೀಕರಣದ ತರುವಾಯ ಮೈಸೂರಿಗೆ, 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವು ಸ್ಥಾಪಿತವಾದಂದಿನಿಂದ ಅದಕ್ಕೆ ಸೇರಿ, ಹೀಗೆ ಒಂದಾದಮೇಲೊಂದು ವಿಶ್ವವಿದ್ಯಾಲಯದ ಆಶ್ರಯದಲ್ಲಿದ್ದು, 2007ರಲ್ಲಿ ಸ್ವಾಯತ್ತತೆಯನ್ನು ಗಳಿಸಿದ್ದ ಸಂಸ್ಥೆಯು ಈಗ ತನ್ನ ಪದವಿಗಳನ್ನು ತಾನೇ ಪ್ರದಾನಮಾಡುವ ಅಧಿಕಾರವನ್ನು ಹೊಂದಿದೆ. ಆದರೆ ಈ ಗೌರವವು ಪದವಿ ಮತ್ತು ಸ್ನಾತಕೋತ್ತರ ವಿಭಾಗಗಳಿಗೆ ಸಂಬಂಧಪಟ್ಟದ್ದು. ಪ್ರೌಢಶಾಲೆಯೂ ಪದವಿಪೂರ್ವ ಕಾಲೇಜೂ ಹಿಂದಿನಂತೆಯೇ ರಾಜ್ಯದ ಶಿಕ್ಷಣ ಇಲಾಖೆಯ ವ್ಯವಸ್ಥೆಯಲ್ಲಿ ನಡೆಯುತ್ತಿವೆ. ಮಗನನ್ನು ಎಂಟನೆಯ ತರಗತಿಗೆ ಸೇರಿಸುವ ಉದ್ದೇಶದಿಂದ ಬರುವ ತಂದೆತಾಯಿಗಳು ‘ಯೂನಿವರ್ಸಿಟಿ’ ಎಂಬ ದೊಡ್ಡ ಫಲಕವನ್ನು ನೋಡಿ ದಿಗ್ಭ್ರಮೆಗೊಳ್ಳಬೇಕಾದುದಿಲ್ಲ. ದ್ವಾರಪಾಲಕನನ್ನು ‘ಹೈಸ್ಕೂಲ್ ಆಫೀಸ್ ಎಲ್ಲಿ?’ ಎಂದು ಕೇಳಿದರೆ ಸಾಕು. ಇನ್ನೊಂದು ಎಚ್ಚರಿಕೆಯೂ ಉಂಟು. ಇದೇ ಸಂಸ್ಥೆಯ ಮ್ಯಾನೇಜ್‌ಮೆಂಟ್ ಮತ್ತು ಮಾಹಿತಿ ತಂತ್ರಜ್ಞಾನದ ಆವರಣವು ಕೇರಳದ ಹೆದ್ದಾರಿಯ ಮೇಲೆ, ಕೋಟೆಕಾರಿನ ಸಮೀಪದ ಬೀರಿಯಲ್ಲಿದೆ. ಮೊಬೈಲಿನ ನಕ್ಷೆಯನ್ನು ನಂಬಿ ‘ಅಲೋಶಿಯಸ್ ಯೂನಿವರ್ಸಿಟಿ’ ಎಂದು ಅವಸರದಲ್ಲಿ ಒತ್ತಿದವನು ನೇತ್ರಾವತಿಯನ್ನು ದಾಟಿ ಅಲ್ಲಿಗೆ ತಲುಪಿ, ಚಾಪೆಲ್ ಎಲ್ಲಿ ಎಂದು ಕೇಳಿದರೆ ಆಶ್ಚರ್ಯವಿಲ್ಲ. ಆಟೋದವನಿಗೆ ‘ಲೈಟ್‌ಹೌಸ್ ಹಿಲ್, ಅಲೋಶಿಯಸ್ ಚಾಪೆಲ್’ ಎಂದು ಹೇಳುವುದೇ ಕ್ಷೇಮ.

ಎರಡನೆಯ ಬದಲಾವಣೆ ಪರೀಕ್ಷೆಗಳದು, ಯಾತ್ರಿಕನಿಗೂ ಎಸ್.ಎಸ್.ಎಲ್.ಸಿ.ಗೂ ಏನು ಸಂಬಂಧವೆಂದು ಕೇಳಬಹುದಾದರೂ, ಸಂಬಂಧ ಉಂಟು. ಪೂರ್ವದಲ್ಲಿ ಮಾರ್ಚಿ ಏಪ್ರಿಲ್‌ಗಳಲ್ಲಿ ಒಂದು ಪರೀಕ್ಷೆ ನಡೆದು ಮುಗಿದುಹೋದರೆ, ಅನುತ್ತೀರ್ಣರಾದ ಕೆಲವರ ಪೂರಕ ಪರೀಕ್ಷೆಯೊಂದನ್ನು ಬಿಟ್ಟು, ಜೂನ್ ತಿಂಗಳಿನವರೆಗೆ ಪ್ರೌಢಶಾಲೆಗಳ ಅಂಗಳಗಳು ನಿರ್ಜನವಾಗಿರುತ್ತಿದ್ದುವು. 2024ರಲ್ಲಿ ಒಂದೇ ಸಾಲಿಗೆ ಮೂರು ಪರೀಕ್ಷೆಗಳು ಏರ್ಪಟ್ಟು, ಎರಡನೆಯದೂ ಮೂರನೆಯದೂ ಬೇಸಗೆಯ ಕೊನೆ ಮತ್ತು ಮಳೆಗಾಲದ ಆರಂಭಕ್ಕೆ ಸರಿದುಬಂದುವು. ಪರೀಕ್ಷಾ ಕೇಂದ್ರವಾದ ಯಾವುದೇ ಶಾಲೆಯ ಸುತ್ತ 200 ಮೀಟರುಗಳವರೆಗೆ ನಿಷೇಧಾಜ್ಞೆಯಿರುವುದರಿಂದ, ಆ ದಿನಗಳಲ್ಲಿ ಮುಂಜಾನೆಯ ಹೊತ್ತು ಕ್ಯಾಮೆರಾ ಹಿಡಿದು ಯಾವ ಶಾಲಾವರಣದಲ್ಲಿಯೂ ಅಲೆಯುವುದು ಶಿಷ್ಟಾಚಾರಕ್ಕಷ್ಟೇ ಅಲ್ಲ, ಕಾನೂನಿಗೂ ವಿರುದ್ಧವಾದೀತು. ಪರೀಕ್ಷಾ ಮಂಡಳಿಯ ವೇಳಾಪಟ್ಟಿ ಎಲ್ಲ ಪತ್ರಿಕೆಗಳಲ್ಲಿಯೂ ಪ್ರಕಟವಾಗುತ್ತದೆ; ಹೊರಡುವ ಮೊದಲು ಒಮ್ಮೆ ನೋಡಿಕೊಳ್ಳಿ. 2025-26ನೆಯ ಸಾಲಿನಿಂದ ಉತ್ತೀರ್ಣಾಂಕವನ್ನು ಶೇಕಡಾ 35ರಿಂದ 33ಕ್ಕೆ ಇಳಿಸಿರುವುದೂ ಸ್ಟಾಫ್‌ರೂಮುಗಳಲ್ಲಿ ಚರ್ಚೆಗೆ ಒದಗುವ ವಿಷಯವೇ. 625 ಅಂಕಗಳಿಗೆ 206 ಬಂದು, ಪ್ರತಿಯೊಂದು ವಿಷಯದಲ್ಲಿಯೂ ಕನಿಷ್ಠ ಶೇಕಡಾ 30 ಇದ್ದರೆ ಹುಡುಗನು ದಡಸೇರಿದನೆಂದು ಅರ್ಥ. ಹಳೆಯ ಅಧ್ಯಾಪಕರ ಮುಂದೆ ಈ ಮಾತನ್ನೆತ್ತಿದರೆ ನಿಮ್ಮ ಒಂದು ಗಂಟೆ ಸುಖವಾಗಿ ಕಳೆಯುವುದು. ನನಗಂತೂ ಶೇಕಡಾ ಎರಡರ ಇಳಿಕೆಗಿಂತ ಮೂರು ಬಾರಿಯ ಅವಕಾಶವೇ ಹೆಚ್ಚು ಮಾನವೀಯವಾಗಿ ತೋರುತ್ತದೆ.

ದಾರಿಯ ವಿಚಾರ ಸುಲಭ. ಮಂಗಳೂರು ಸೆಂಟ್ರಲ್ ನಿಲ್ದಾಣದಲ್ಲಿ ಇಳಿದವರು ಹಂಪನಕಟ್ಟೆಗೆ ಬಂದು, ಅಲ್ಲಿಂದ ಲೈಟ್‌ಹೌಸ್ ಹಿಲ್ ರಸ್ತೆಯ ಏರನ್ನು ಹತ್ತಿದರೆ ಆವರಣವು ಕಾಲ್ನಡೆಯ ದೂರದಲ್ಲಿಯೇ ಉಂಟು. ಸಿಟಿ ಬಸ್ಸಿನವರು ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಟು ಹಂಪನಕಟ್ಟೆಯಲ್ಲಾಗಲಿ ಜ್ಯೋತಿ ವೃತ್ತದಲ್ಲಾಗಲಿ ಇಳಿಯಬಹುದು. ಏರು ಕಡಿದಾದುದು, ಮೇ ತಿಂಗಳ ಸೆಕೆಯಲ್ಲಿ ವೃದ್ಧರನ್ನು ನಡೆಸಬಾರದು. ಹತ್ತುವಾಗ ಒಂದು ಕ್ಷಣ ನಿಲ್ಲಬೇಕಾದ ಎಡೆ ಬಾವುಟಗುಡ್ಡೆ. 1837ರ ಏಪ್ರಿಲಿನಲ್ಲಿ ಅಮರ ಸುಳ್ಯದ ರೈತರು ದಂಡೆತ್ತಿ ಬಂದು, ಕುಂಪಣಿಯವರನ್ನು ಓಡಿಸಿ, ತಮ್ಮ ಬಾವುಟವನ್ನು ಏರಿಸಿದ್ದು ಇಲ್ಲಿಯೇ; ಆ ದಂಗೆಯ ನಾಯಕ ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆಯು 2022ರಲ್ಲಿ ಅನಾವರಣಗೊಂಡಿತು. ಹಳೆಯ ದೀಪಸ್ತಂಭ, ಟಾಗೋರರ ಹೆಸರಿನ ಉದ್ಯಾನ, ಈದ್ಗಾ ಮಸೀದಿ, ಕಥೋಲಿಕರ ಶಾಲೆ ಇವಿಷ್ಟೂ ಒಂದೇ ಗುಡ್ಡದ ಬೆನ್ನಿನ ಮೇಲೆ ಒತ್ತೊತ್ತಾಗಿ ಕುಳಿತಿರುವುದನ್ನು ಕಂಡರೆ ಈ ಊರಿನ ಚರಿತ್ರೆಯ ಅರ್ಧಭಾಗ ಅರಿವಾಗುವುದು.

ಉಳಿದರ್ಧವನ್ನು ಶಾಲೆಯೇ ಹೇಳಬೇಕು. 1878ರ ಡಿಸೆಂಬರಿನ ಕೊನೆಯ ದಿನ ಯೇಸುಸಭೆಯ ಗುರುಗಳು ಮಂಗಳೂರಿನಲ್ಲಿ ಬಂದಿಳಿದರು. ಮುಂದೆ ಕಂಕನಾಡಿಯಲ್ಲಿ ಕುಷ್ಠರೋಗಿಗಳ ಸೇವೆಗೂ ದೊಡ್ಡ ಆಸ್ಪತ್ರೆಗೂ ಕಾರಣರಾದ ಫಾದರ್ ಮುಲ್ಲರ್ ಅವರೂ ಆ ತಂಡದಲ್ಲಿದ್ದವರೇ. ತಮ್ಮ ಮಕ್ಕಳಿಗೆ ಉತ್ತಮವಾದ ಇಂಗ್ಲಿಷು ವಿದ್ಯೆ ಬೇಕೆಂದು ಇಲ್ಲಿನ ಕೊಂಕಣಿ ಕಥೋಲಿಕರು ಬಹುಕಾಲದಿಂದ ಮಾಡುತ್ತ ಬಂದಿದ್ದ ಬೇಡಿಕೆ ಇದರಿಂದ ಈಡೇರಿ, 1880ರ ಜನವರಿಯಲ್ಲಿ ವಿದ್ಯಾಲಯವು ಆರಂಭವಾಯಿತು. ಗುಡ್ಡದ ಮೇಲಿನ ಭೂಮಿಯನ್ನು ಲಾರೆನ್ಸ್ ಲೋಬೊ ಪ್ರಭು ಎಂಬವರು ದಾನವಾಗಿ ಕೊಟ್ಟರು. 1885ರ ಹೊತ್ತಿಗೆ ಇಂದು ನಾವು ಕಾಣುವ ಭವ್ಯವಾದ ಕೆಂಪುಹೆಂಚಿನ ಕಟ್ಟಡವು ಎದ್ದುನಿಂತಿತು. ಕಟ್ಟಿದವರು ಕಥೋಲಿಕರಾದರೂ ಓದಿದವರು ಎಲ್ಲ ಮತಗಳವರು. ರಾಜಕಾರಣಿ ಜಾರ್ಜ್ ಫೆರ್ನಾಂಡಿಸರು ಇಲ್ಲಿ ಓದಿದವರು. ಕಾದಂಬರಿಕಾರ ಅರವಿಂದ ಅಡಿಗರು 1990ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ್ದು ಇಲ್ಲಿಂದಲೇ. ಹುಡುಗರ ಮಾತಿಗೆ ಕಿವಿಗೊಟ್ಟರೆ ಒಂದೇ ಜಗಳದೊಳಗೆ ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕೂ ಸರದಿಯಂತೆ ಬರುವುದನ್ನು ಕೇಳಬಹುದು.

ಇನ್ನು ಚಾಪೆಲ್. ಇದಕ್ಕೆ ಅರ್ಧಗಂಟೆ ಸಾಲದು; ಬೆಳಗ್ಗೆ ಹತ್ತರ ಸುಮಾರಿಗೆ, ತರಗತಿಗಳು ಒಳಸೇರಿ ಅಂಗಳ ಶಾಂತವಾದಮೇಲೆ ಹೋಗಿ, ಒಂದು ಬೆಂಚಿನ ಮೇಲೆ ಕುಳಿತು, ಮೊದಲು ಏನನ್ನೂ ಹುಡುಕದೆ ಮೇಲೆ ನೋಡಿ. ಅಂಟೋನಿಯೊ ಮೊಸ್ಕೇನಿ ಎಂಬ ಇಟಲಿಯ ಬೆರ್ಗಾಮೊ ಪ್ರಾಂತದ ಚಿತ್ರಕಾರನು, ಅಲ್ಲಿನ ಕರ್ರಾರ ಕಲಾಶಾಲೆಯಲ್ಲಿ ಶಿಕ್ಷಣ ಪಡೆದು, ಮೂವತ್ತೈದರ ಪ್ರಾಯದಲ್ಲಿ ಯೇಸುಸಭೆಯನ್ನು ಸೇರಿ, ಗುರುವಾಗದೆ ಬರಿಯ ಬ್ರದರ್ ಆಗಿಯೇ ಉಳಿದು, ಮಂಗಳೂರಿಗೆ ಬಂದು 1899ರಿಂದ 1901ರವರೆಗೆ ಈ ಗೋಡೆಗಳನ್ನೂ ಛಾವಣಿಯನ್ನೂ ಬಣ್ಣದಿಂದ ತುಂಬಿಸಿದನು. ಕೆಲವು ಚಿತ್ರಗಳು ಹಸಿಗಾರೆಯ ಮೇಲೆ ಬರೆದ ಫ್ರೆಸ್ಕೋಗಳು, ಕೆಲವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಫ್ರೆಸ್ಕೋವಿನ ಕಷ್ಟವೆಂದರೆ ಸುಣ್ಣದ ಗಾರೆ ಆರುವುದರೊಳಗೆ ಆ ದಿನದ ಭಾಗವನ್ನು ಮುಗಿಸಲೇಬೇಕು. ಬಣ್ಣವು ಗಾರೆಯೊಡನೆ ಒಂದಾಗಿ ಗಟ್ಟಿಗೊಳ್ಳುವುದರಿಂದ ತಪ್ಪನ್ನು ಒರಸಿ ತಿದ್ದುವಂತಿಲ್ಲ. ಗಾಳಿಯಲ್ಲಿಯೇ ನೀರು ತುಂಬಿರುವ ಕರಾವಳಿಯ ಹವೆಯಲ್ಲಿ ಈ ಕೆಲಸವನ್ನು ಕೈಗೊಂಡವನ ಧೈರ್ಯವನ್ನು ಮೆಚ್ಚದಿರಲಾಗುವುದಿಲ್ಲ.

ಛಾವಣಿಯ ಮಧ್ಯಭಾಗದಲ್ಲಿ ಸಂತ ಅಲೋಶಿಯಸ್ ಗೊನ್ಸಾಗನ ಜೀವನದ ದೃಶ್ಯಗಳಿವೆ. ಕಥೆ ತಿಳಿಯದೆ ನೋಡಿದರೆ ಅವು ಕೇವಲ ಅಂಗಿ ನಿಲುವಂಗಿಗಳ ಮೆರವಣಿಗೆಯಾಗಿ ತೋರುವುವು. 1568ರಲ್ಲಿ ಕಾಸ್ತಿಲ್ಯೋನೆಯ ಪಾಳೆಯಗಾರನ ಹಿರಿಯ ಮಗನಾಗಿ ಹುಟ್ಟಿದ ಈ ಹುಡುಗನು, ತನಗೆ ಸಲ್ಲಬೇಕಾದ ಪಟ್ಟವನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆಯನ್ನು ಸೇರಿ, ರೋಮಿನಲ್ಲಿ ಸಾಂಕ್ರಾಮಿಕವು ಹರಡಿದಾಗ ರೋಗಿಗಳನ್ನು ಉಪಚರಿಸುತ್ತ ತಾನೂ ಅದಕ್ಕೆ ತುತ್ತಾಗಿ, 1591ರ ಜೂನ್ 21ರಂದು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡನು. ವಿದ್ಯಾರ್ಥಿಗಳಿಗೂ ಯುವಕರಿಗೂ ಪಾಲಕಸಂತನೆಂದು ಅವನನ್ನು ಆರಿಸಿಕೊಂಡಿರುವುದು ಇದಕ್ಕಾಗಿಯೇ. ಇಳಿಜಾರಾದ ಪಕ್ಕಗಳಲ್ಲಿ ಪ್ರೇಷಿತರು ನಿಂತಿದ್ದಾರೆ. ಕಮಾನುಗಳ ಮೇಲೆ ಇತರ ಸಂತರು. ಆದರೆ ನನ್ನ ಕಣ್ಣು ಪುನಃಪುನಃ ಹೋಗಿ ನಿಲ್ಲುವುದು ಚಿತ್ರಗಳ ಸುತ್ತ ಬರೆದ ಹೂಮಾಲೆ ಬಳ್ಳಿಗಳ ಮೇಲೆ. ಗಾರೆಯಲ್ಲಿ ಉಬ್ಬಿಸಿ ಕೆತ್ತಿದಂತೆ ತೋರುವ ಅವು ಸಮತಲವಾದ ಗೋಡೆಯ ಮೇಲಿನ ನೆರಳುಬೆಳಕಿನ ಚಮತ್ಕಾರವಲ್ಲದೆ ಬೇರೇನೂ ಅಲ್ಲ. ಮುಟ್ಟಿ ಪರೀಕ್ಷಿಸುವ ಆಸೆ ಯಾರಿಗಾದರೂ ಆಗುವುದು ಸಹಜ, ಮುಟ್ಟಬಾರದು. ತೇವದಿಂದ ಹಾಳಾಗತೊಡಗಿದ್ದ ಈ ಚಿತ್ರಗಳನ್ನು 1991ರಿಂದ 1994ರವರೆಗೆ ಪರಂಪರೆಯ ಸಂರಕ್ಷಣಾ ಸಂಸ್ಥೆಯಾದ ಇಂಟ್ಯಾಕಿನ ಲಕ್ನೋ ಕೇಂದ್ರದ ತಜ್ಞರು ಬಹಳ ಶ್ರಮವಹಿಸಿ ಉಳಿಸಿದರು. ಅಂಚೆ ಇಲಾಖೆಯು 2001ರಲ್ಲಿ ಚಾಪೆಲಿನ ಅಂಚೆಚೀಟಿಯನ್ನು ಹೊರಡಿಸಿತು. ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ. ಈ ನಿಯಮಕ್ಕೆ ಗೊಣಗುವವರಿದ್ದಾರೆ. ನಾನು ಅದನ್ನು ವರವೆಂದೇ ಎಣಿಸುತ್ತೇನೆ, ಏಕೆಂದರೆ ಫೋನು ಜೇಬಿನಲ್ಲಿದ್ದರೆ ಮಾತ್ರ ಕತ್ತು ಮೇಲೇಳುತ್ತದೆ. ಭಾನುವಾರ ಬೆಳಗಿನ ಬಲಿಪೂಜೆಯ ವೇಳೆಯಲ್ಲಿ ನೋಡುವುದಕ್ಕಾಗಿ ಹೋಗಬಾರದು, ಪ್ರಾರ್ಥಿಸುವುದಕ್ಕಾಗಿ ಹೋಗಬಹುದು. ಹುಡುಗನೊಬ್ಬನು ಪರೀಕ್ಷೆಯ ಮುಂಚೆ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಮೊಣಕಾಲೂರಿದ್ದರೆ ಅವನಿಗೆ ಬೆನ್ನುಮಾಡಿ ನಿಂತು ಗಟ್ಟಿಯಾಗಿ ವಿವರಿಸುತ್ತಿರುವುದು ಸಭ್ಯತೆಯಲ್ಲ.

ಮೊಸ್ಕೇನಿಯು ತನ್ನ ಕೃತಿಯ ಮುಪ್ಪನ್ನು ನೋಡಲಿಲ್ಲ. ಕೊಚ್ಚಿಯ ಸಾಂತಾಕ್ರೂಸ್ ದೇವಾಲಯವನ್ನು ಅಲಂಕರಿಸುತ್ತಿದ್ದವನು ಭೇದಿಯ ರೋಗದಿಂದ 1905ರ ನವೆಂಬರ್ 15ರಂದು, ಆ ದೇವಾಲಯದ ಪ್ರತಿಷ್ಠೆಗೆ ನಾಲ್ಕು ದಿನಗಳು ಮಾತ್ರ ಇರುವಾಗ ಮರಣಹೊಂದಿದನು. ಮಂಗಳೂರಿನ ಚಾಪೆಲು ಮನಸ್ಸಿಗೆ ಹತ್ತಿದವರು ಮುಂದಿನ ಪ್ರಯಾಣವನ್ನು ಕೊಚ್ಚಿಗೆ ಇಟ್ಟುಕೊಳ್ಳಬಹುದು. ರೈಲು ನೇರವಾಗಿಯೇ ಇದೆ.

ಅಲೋಸಿಯಮ್ ಎಂಬ ವಸ್ತುಸಂಗ್ರಹಾಲಯವನ್ನು ತೆರೆದಿರುವ ದಿನವಾದರೆ ನೋಡಿ. 1913ರಲ್ಲಿ ಇಟಲಿಯ ಗುರುಗಳಾದ ಫಾದರ್ ಕಿಯಾಪ್ಪಿಯವರು ಕಲ್ಲು, ಖನಿಜಗಳಿಂದ ಆರಂಭಿಸಿದ ಈ ಸಂಗ್ರಹದಲ್ಲಿ ಇಂದು ಮಕ್ಕಳನ್ನು ಹಿಡಿದು ನಿಲ್ಲಿಸುವುದು ಮಂಗಳೂರಿನ ಮೊಟ್ಟಮೊದಲ ಕಾರೆಂದು ಪ್ರಸಿದ್ಧವಾದ 1906ರ ಫ್ರೆಂಚ್ ದೆ ದಿಯೋಂ ಬೂತೋಂ ವಾಹನ.

ಊಟಕ್ಕೆ ಹಂಪನಕಟ್ಟೆಗೆ ಇಳಿಯಿರಿ. ನೀರುದೋಸೆ, ಮೀನಿನೂಟ, ಕೊನೆಗೆ ಗಡ್‌ಬಡ್ ಐಸ್‌ಕ್ರೀಮು ಇವು ಇದ್ದೇ ಇವೆ. ಅಲ್ಲಿಯೇ 1680ರಲ್ಲಿ ಸ್ಥಾಪಿತವಾದ ಮಿಲಾಗ್ರಿಸ್ ಇಗರ್ಜಿಯನ್ನೂ ಒಳಹೊಕ್ಕು ಬರಬಹುದು. ಇಲ್ಲಿನ ಕಥೋಲಿಕರ ಬಾಳನ್ನು ಸಮೀಪದಿಂದ ಕಾಣಬೇಕೆನ್ನುವವರು ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಆಸುಪಾಸಿನಲ್ಲಿ ಬರಲಿ. ಮಕ್ಕಳು ಮಾತೆ ಮರಿಯಳಿಗೆ ಹೂ ಅರ್ಪಿಸುವುದನ್ನೂ ಹೊಸ ತೆನೆಯನ್ನು ಮನೆಗೊಯ್ಯುವುದನ್ನೂ ಕಾಣಬಹುದು. ಡಿಸೆಂಬರಿನ ಕೊನೆಯ ವಾರದಲ್ಲಿ ಬೇಕರಿಗಳಲ್ಲಿ ಕುಸ್ವಾರಿನ, ಎಂದರೆ ಕ್ರಿಸ್ಮಸ್ ತಿಂಡಿಗಳ, ಡಬ್ಬಗಳು ಸಿಗುವುವಾದರೂ ಶಾಲೆಗೆ ಕ್ರಿಸ್ಮಸ್ ರಜೆ ಇರುವುದರಿಂದ ಆವರಣದಲ್ಲಿ ಹುಡುಗರನ್ನು ಕಾಣಲಾರಿರಿ. ಜೂನ್ 21ರ ಸಂತನ ಹಬ್ಬವು ಜಡಿಮಳೆಯ ನಡುವೆ ಬರುತ್ತದೆ. ಆ ಕಾಲದಲ್ಲಿ ಬರುವವರು ಕೊಡೆಯೊಂದಿಗೆ ಜಾರದ ಪಾದರಕ್ಷೆಯನ್ನೂ ತರತಕ್ಕದ್ದು.

ಕೊನೆಯದಾಗಿ ಮುಂದಿನ ವರ್ಷಗಳ ಲೆಕ್ಕ. ಗುರುಗಳು ಬಂದಿಳಿದು 2028ರ ಕೊನೆಗೆ 150 ವರ್ಷ. ಶಾಲೆ ಆರಂಭವಾಗಿ 2030ರ ಜನವರಿಗೆ ಅಷ್ಟೇ. ಕೊಲ್ಲಿಯ ದೇಶಗಳಲ್ಲಿಯೂ ಮುಂಬಯಿಯಲ್ಲಿಯೂ ಹರಡಿರುವ ಹಳೆವಿದ್ಯಾರ್ಥಿಗಳ ಅಭಿಮಾನವನ್ನು ಬಲ್ಲವರಾರಿಗೂ ಆ ಎರಡು ಚಳಿಗಾಲಗಳಲ್ಲಿ ಗುಡ್ಡ ಎಷ್ಟು ತುಂಬುವುದೆಂದು ಊಹಿಸುವುದು ಕಷ್ಟವಲ್ಲ. ಮೊದಲೇ ಈ ಊರಿಗೆ ಡಿಸೆಂಬರ್ ಜನವರಿಗಳಲ್ಲಿ ರೈಲು, ವಿಮಾನಗಳ ಟಿಕೇಟು ದುರ್ಲಭ. ಹಳೆಯ ಸಹಪಾಠಿಗಳನ್ನು ಕೂಡಬೇಕೆನ್ನುವವರು ತಿಂಗಳುಗಳ ಮುಂಚಿತವಾಗಿ ಕೋಣೆಯನ್ನು ಗೊತ್ತುಮಾಡಿಕೊಳ್ಳಲಿ, ಚಿತ್ರಗಳನ್ನು ಮಾತ್ರ ನೋಡಬೇಕೆನ್ನುವವರು ಆ ಗದ್ದಲಕ್ಕೆ ಮುನ್ನ, ಮಳೆ ನಿಂತು ದಸರಾ ರಜೆ ಮುಗಿದಮೇಲೆ ಬರುವ ನವೆಂಬರಿನ ಯಾವುದಾದರೊಂದು ಮಂಗಳವಾರವನ್ನೋ ಬುಧವಾರವನ್ನೋ ಆರಿಸಿಕೊಳ್ಳಲಿ.