ಮೌನದ ಮದುವೆ ಕಲಿಸುವ ಪಾಠ

ತೋಡಾರಿನಲ್ಲಾಗಲಿ, ಮೂಡುಬಿದಿರೆ ಸುತ್ತಲಿನ ಯಾವುದೇ ಧರ್ಮಕೇಂದ್ರದಲ್ಲಾಗಲಿ ಮದುವೆ ನಿಶ್ಚಯವಾದ ಮನೆಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಯಾವುದು? "ಹಾಲ್ ಸಿಕ್ಕಿತೇ?" ಆಮೇಲೆ ಊಟ, ಬ್ಯಾಂಡು, ಸೀರೆ, ಚಿನ್ನ, ರೋಸ್ ದಿನದ ಖರ್ಚು. ವಧೂವರರು ದೇವರ ಮುಂದೆ ಏನು ಹೇಳಲಿದ್ದಾರೆ ಎಂಬ ವಿಚಾರಕ್ಕೆ ಸರದಿ ಬರುವುದು ಕೊನೆಯಲ್ಲಿ.

ಇದಕ್ಕೆ ವಿರುದ್ಧ ದಿಕ್ಕಿನಿಂದ ಮದುವೆಯ ತಯಾರಿ ನಡೆಸುವ ಕ್ರೈಸ್ತರಿದ್ದಾರೆ. ಅವರೇ ಕ್ವೇಕರರು. ನಮ್ಮಲ್ಲಿ ಹೆಚ್ಚಿನವರು ಈ ಹೆಸರು ಕೇಳಿರಲಾರರು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಎಂಬವರ ಬೋಧನೆಯಿಂದ ಹುಟ್ಟಿದ ಈ ಪಂಗಡದ ಸಾಂಪ್ರದಾಯಿಕ ಆರಾಧನೆ ಮೌನದಲ್ಲಿ ನಡೆಯುತ್ತದೆ. ಯುದ್ಧಪೀಡಿತರ ಸೇವೆಗಾಗಿ ಇವರ ಎರಡು ಸಂಸ್ಥೆಗಳಿಗೆ 1947ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ದೊರೆಯಿತು.

ಇವರಲ್ಲಿ ಮದುವೆಯಾಗಬಯಸುವವರು ಮೊದಲು ತಮ್ಮ ಸಭೆಗೆ ಕೋರಿಕೆ ಸಲ್ಲಿಸಬೇಕು. ಹಲವು ಕಡೆ ಸಭೆಯ ಅನುಭವಿಗಳು ಕೆಲವರು ಇಬ್ಬರನ್ನೂ ಕುಳ್ಳಿರಿಸಿ ನಿಧಾನವಾಗಿ ಮಾತನಾಡುತ್ತಾರೆ. ಇವರು ಸ್ವಇಚ್ಛೆಯಿಂದ ಬಂದಿದ್ದಾರೆಯೇ? ಬೇರೆ ಬಂಧನವೇನಾದರೂ ಇದೆಯೇ? ಎಲ್ಲ ಸ್ಪಷ್ಟವಾದ ಮೇಲೆಯೇ ದಿನ ಗೊತ್ತಾಗುತ್ತದೆ.

ಮದುವೆಯ ದಿನ ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ. ಗುರುಗಳಿಲ್ಲ, ಮೆರವಣಿಗೆ ಬೇಕಿಲ್ಲ. ಸಮಯ ಬಂತೆನಿಸಿದಾಗ ವಧೂವರರು ಎದ್ದು, ಕೈ ಹಿಡಿದು, ದೇವರ ಸಹಾಯದಿಂದ ಜೀವವಿರುವ ತನಕ ಪ್ರೀತಿಯಿಂದ, ನಿಷ್ಠೆಯಿಂದ ಬಾಳುವೆವೆಂದು ತಾವೇ ಪರಸ್ಪರ ಮಾತು ಕೊಡುತ್ತಾರೆ. ಮತ್ತೆ ಮೌನ. ಕೊನೆಗೆ ಒಂದು ದೊಡ್ಡ ಪತ್ರಕ್ಕೆ ಅಲ್ಲಿದ್ದವರೆಲ್ಲ, ಮಕ್ಕಳೂ ಸಹ, ಸಹಿ ಹಾಕುತ್ತಾರೆ. ಇಂಗ್ಲೆಂಡಿನ 1753ರ ವಿವಾಹ ಕಾಯಿದೆ ಕೂಡ ಕ್ವೇಕರರ ಮತ್ತು ಯೆಹೂದಿಗಳ ಮದುವೆಗೆ ವಿನಾಯಿತಿ ನೀಡಿತ್ತು.

ಹಾಗಾದರೆ ನಾವೂ ಗುರುಗಳಿಲ್ಲದೆ ಮದುವೆಯಾಗಬಹುದೇ? ಇಲ್ಲ. ಹಿಂದೆ ಗುಟ್ಟಾಗಿ ಮದುವೆಯಾಗಿ, ಬಳಿಕ ಅದನ್ನು ಅಲ್ಲಗಳೆದು ಕೈಬಿಡುವವರಿದ್ದರು. ಆದುದರಿಂದ 1563ರಲ್ಲಿ ಟ್ರೆಂಟ್ ಮಹಾಸಭೆಯು ಗುರುಗಳ ಹಾಗೂ ಸಾಕ್ಷಿಗಳ ಉಪಸ್ಥಿತಿಯನ್ನು ಕಡ್ಡಾಯಗೊಳಿಸಿತು. ಆದರೂ ಒಂದು ಸತ್ಯವನ್ನು ನಾವು ಮರೆಯುತ್ತೇವೆ. ನಮ್ಮ ಲ್ಯಾಟಿನ್ ಪರಂಪರೆಯ ಬೋಧನೆಯಂತೆ ವಿವಾಹ ಸಂಸ್ಕಾರವನ್ನು ಪರಸ್ಪರ ನೀಡುವವರು ವಧೂವರರೇ. ಗುರುಗಳು ಧರ್ಮಸಭೆಯ ಹೆಸರಿನಲ್ಲಿ ಅವರ ಸಮ್ಮತಿಯನ್ನು ಸ್ವೀಕರಿಸುತ್ತಾರೆ. ಆ ಸಮ್ಮತಿ ಮುಕ್ತವಾಗಿರದಿದ್ದರೆ, ಸಾವಿರ ಮಂದಿ ಉಂಡು ಹೋದರೂ ಅದು ಮದುವೆಯಾಗದು. ಹೆತ್ತವರ ಒತ್ತಾಯ ಈ ಸಮ್ಮತಿಗೆ ಬದಲಿಯಲ್ಲ.

ಪರದೇಶದಲ್ಲಿರುವ ನಮ್ಮ ಮಗನೋ ಮಗಳೋ ಕ್ವೇಕರ್ ಸಂಗಾತಿಯನ್ನು ಆರಿಸಿಕೊಂಡರೆ? ಗಾಬರಿ ಬೇಡ, ತಡವೂ ಬೇಡ. ಮೊದಲು ಗುರುಗಳನ್ನು ಕಾಣಿರಿ. ಕ್ವೇಕರರಲ್ಲಿ ನೀರಿನ ಜ್ಞಾನಸ್ನಾನದ ಪದ್ಧತಿಯಿಲ್ಲ. ಸಂಗಾತಿಯು ಜ್ಞಾನಸ್ನಾನ ಪಡೆಯದವರಾಗಿದ್ದರೆ, ಧರ್ಮಾಧ್ಯಕ್ಷರ ವಿನಾಯಿತಿ ಇಲ್ಲದೆ ಮದುವೆ ಸಿಂಧುವಾಗದು. ಮದುವೆಯನ್ನು ಕ್ವೇಕರ್ ಸಭೆಯಲ್ಲೇ ನಡೆಸುವುದಾದರೆ ವಿವಾಹ ವಿಧಿಯ ವಿನಾಯಿತಿಯೂ ಬೇಕು. ಕಥೋಲಿಕರಾದವರು ತಮ್ಮ ವಿಶ್ವಾಸವನ್ನು ಕಾಪಾಡಿಕೊಳ್ಳುವುದಾಗಿ ಹೇಳಿ, ಮಕ್ಕಳಿಗೆ ಕಥೋಲಿಕ ಧರ್ಮಸಭೆಯಲ್ಲಿ ಜ್ಞಾನಸ್ನಾನ ಕೊಡಿಸಿ ಬೆಳೆಸಲು ಶಕ್ತಿಮೀರಿ ಯತ್ನಿಸುವುದಾಗಿ ಮಾತು ಕೊಡಬೇಕು.

ನಮ್ಮ ಹಾಡು, ರೋಸ್, ಬಂಧುಬಳಗದ ಸಂತೋಷವನ್ನು ಬಿಡಬೇಕೆಂದಲ್ಲ. ಕಾನಾ ಊರಿನ ಮದುವೆಯ ಔತಣಕ್ಕೆ ಯೇಸುಸ್ವಾಮಿಯೇ ಬಂದಿದ್ದರು. ಆದರೆ ಒಂದು ದಿನದ ಮೆರುಗಿಗಾಗಿ ತೋಟ ಅಡವಿಟ್ಟು, ಹೊಸ ಸಂಸಾರವನ್ನು ಸಾಲದಲ್ಲಿ ಆರಂಭಿಸುವುದು ಆ ಸಂತೋಷವಲ್ಲ. ಚರ್ಚಿನಲ್ಲಿ ವಿವಾಹ ಪ್ರಕಟಣೆ ಓದುವಾಗ ನಾವು ಕೇವಲ ಕುತೂಹಲದಿಂದ ಕೇಳುತ್ತೇವೆ. ಆ ಜೋಡಿಯ ಹೊಣೆ ನಮ್ಮ ಮೇಲೂ ಇದೆಯೆಂದು ತಿಳಿದು ಕೇಳಿದರೆ, ಪತ್ರಕ್ಕೆ ಸಹಿ ಹಾಕದಿದ್ದರೂ ನಾವೆಲ್ಲ ಸಾಕ್ಷಿಗಳೇ.

ಮನೆಯಲ್ಲಿ ಚರ್ಚಿಸಲು:

1. ಮದುವೆಗೆ ಮುನ್ನ ನಮ್ಮ ಮಗ ಅಥವಾ ಮಗಳನ್ನು ಒಬ್ಬರನ್ನೇ ಕುಳ್ಳಿರಿಸಿ, "ನಿನಗೆ ನಿಜವಾಗಿಯೂ ಒಪ್ಪಿಗೆಯೇ?" ಎಂದು ಕೇಳಿದ್ದೇವೆಯೇ?

2. ಖರ್ಚಿನ ಪಟ್ಟಿಯಲ್ಲಿ ದೇವರಿಗಾಗಿ ಇರುವುದೆಷ್ಟು, ನೆರೆಯವರ ಕಣ್ಣಿಗಾಗಿ ಇರುವುದೆಷ್ಟು?

3. ನಾವು ಊಟ ಮಾಡಿ ಹರಸಿ ಬಂದ ದಂಪತಿ ಕಷ್ಟದಲ್ಲಿದ್ದಾಗ ಅವರ ಮನೆಗೆ ಹೋಗಿದ್ದೇವೆಯೇ?