ನಾರುಹುಳವೂ ಅದರ ಜೀವನಕ್ರಮವೂ

ನಮ್ಮ ಶಾಲೆಯ ಹಿರಿಯ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ನಾರುಹುಣ್ಣೆಂಬ ಹೆಸರು ಹೊಸದಾಗಿರಲಾರದು. ಆದರೆ ಈಗಿನ ತರಗತಿಯಲ್ಲಿ ಆ ಹೆಸರನ್ನೆತ್ತಿದರೆ ಹುಡುಗಿಯರು ಒಬ್ಬರ ಮುಖವನ್ನೊಬ್ಬರು ನೋಡುವರು. ಜಂತುಹುಳವೆಂದರೆ ಮಾತ್ರ ಎಲ್ಲರಿಗೂ ತಿಳಿಯುತ್ತದೆ. ತಮ್ಮಂದಿರಿಗೂ ತಂಗಿಯರಿಗೂ ಅದು ಇದ್ದೇ ಇರುವುದು. ಇವೆರಡೂ ಒಂದೇ ಜಾತಿಯ ಹುಳಗಳು. ಹೀಗಿರಲು ಒಂದು ನಮ್ಮ ಸೀಮೆಯನ್ನು ಬಿಟ್ಟು ಹೋದದ್ದೂ ಇನ್ನೊಂದು ಉಳಿದುಕೊಂಡದ್ದೂ ಹೇಗೆಂಬುದನ್ನು ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ತಿಳಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಪ್ರಾಣಿಶಾಸ್ತ್ರಜ್ಞರು ಇವುಗಳನ್ನು ದುಂಡುಹುಳಗಳೆಂದು ಕರೆಯುವರು. ಎರೆಹುಳದ ಮೈಯಲ್ಲಿರುವಂತೆ ಇವುಗಳ ಮೈಯಲ್ಲಿ ಉಂಗುರಗಳಿಲ್ಲ. ಮೈ ನುಣುಪಾಗಿಯೂ ಎರಡು ತುದಿಗಳಲ್ಲಿ ಚೂಪಾಗಿಯೂ ಇರುವುದು. ಗಂಡು ಹೆಣ್ಣುಗಳು ಬೇರೆ ಬೇರೆ. ಈ ವರ್ಗದ ಅಸಂಖ್ಯ ಹುಳಗಳು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಯಾರಿಗೂ ಕೇಡು ಮಾಡದೆ ಬಾಳುತ್ತವೆ. ಕೆಲವು ಮಾತ್ರ ಮನುಷ್ಯನ ದೇಹವನ್ನೇ ಮನೆಯಾಗಿ ಮಾಡಿಕೊಂಡಿವೆ: ಜಂತುಹುಳ, ಕೊಕ್ಕೆಹುಳ, ಆನೆಕಾಲು ರೋಗದ ಹುಳ, ಮತ್ತು ನಾರುಹುಳ.

ನಾರುಹುಳದ ಹೆಣ್ಣು ಬಿಳಿಯ ದಾರದಂತೆ ಸಣ್ಣಗಿದ್ದು ಸುಮಾರು ಒಂದು ಮೀಟರಿನವರೆಗೆ ಉದ್ದವಾಗುವುದು. ಹೆಸರು ಬಂದದ್ದು ಇದರಿಂದಲೇ. ಗಂಡಾದರೋ ನಾಲ್ಕು ಸೆಂಟಿಮೀಟರನ್ನು ಮೀರದು. ಕೂಡಿದ ತರುವಾಯ ದೇಹದೊಳಗೇ ಸಾಯುವುದು. ಗರ್ಭ ಧರಿಸಿದ ಹೆಣ್ಣು ಮಾಂಸದ ಮರೆಯಲ್ಲಿ ನಿಧಾನವಾಗಿ ಕೆಳಕ್ಕೆ ಸಾಗಿ, ಬಹುಮಟ್ಟಿಗೆ ಮೊಣಕಾಲಿನ ಕೆಳಗೆ, ಚರ್ಮದ ಅಡಿಗೆ ಬಂದು ನಿಲ್ಲುವುದು. ಅಷ್ಟರಲ್ಲಿ ಸುಮಾರು ಒಂದು ವರ್ಷ ಕಳೆದಿರುವುದು. ಆ ವರ್ಷವೆಲ್ಲಾ ರೋಗಿಗೆ ತನ್ನೊಳಗೆ ಇಂಥದೊಂದು ಪ್ರಾಣಿಯಿದೆಯೆಂಬ ಸುಳಿವೇ ಇರುವುದಿಲ್ಲ. ಆ ಮೇಲೆ ಒಂದು ಬೊಬ್ಬೆ ಏಳುವುದು. ಬೆಂಕಿ ತಗಲಿದಂತೆ ಉರಿಯುವುದು. ಉರಿಯುವ ಕಾಲನ್ನು ಮನುಷ್ಯನು ಏನು ಮಾಡುವನು? ನೀರಿನಲ್ಲಿ ಇಳಿಬಿಡುವನು. ಹುಳಕ್ಕೆ ಬೇಕಾದದ್ದು ಅದೇ. ಬೊಬ್ಬೆಯೊಡೆದು, ನೀರು ತಾಕಿದೊಡನೆ, ಹಾಲಿನಂತೆ ಬಿಳಿಯ ದ್ರವದೊಡನೆ ಲಕ್ಷಗಟ್ಟಲೆ ಮರಿಗಳನ್ನು ಅದು ನೀರಿಗೆ ಚೆಲ್ಲುವುದು. ನಮ್ಮ ನೋವನ್ನೇ ತನ್ನ ಸಂತತಿಯ ವಾಹನವಾಗಿ ಮಾಡಿಕೊಂಡ ಈ ಹುಳದ ಉಪಾಯವನ್ನು ನೆನೆದರೆ ಆಶ್ಚರ್ಯವೂ ಹೇಸಿಕೆಯೂ ಒಟ್ಟಿಗೆ ಆಗುತ್ತವೆ.

ಈ ಮರಿಗಳನ್ನು ನಾವು ನೇರವಾಗಿ ಕುಡಿದರೆ ರೋಗ ತಗಲುವುದಿಲ್ಲವೆಂಬುದು ಗಮನಿಸತಕ್ಕ ಸಂಗತಿ. ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಸಣ್ಣ ಜಲಪ್ರಾಣಿಯುಂಟು. ಹಣೆಯ ನಡುವೆ ಒಂದೇ ಕಣ್ಣುಳ್ಳದ್ದರಿಂದ ಗ್ರೀಕರ ಕಥೆಯ ಒಂಟಿಗಣ್ಣಿನ ದೈತ್ಯನ ಹೆಸರು ಅದಕ್ಕೆ ಬಂದಿತು. ಗಾತ್ರದಲ್ಲಿ ಮಾತ್ರ ಒಂದೆರಡು ಮಿಲಿಮೀಟರಿಗೆ ಹೆಚ್ಚಿಲ್ಲ. ಹಳ್ಳದ ನೀರನ್ನು ಗಾಜಿನ ಶೀಶೆಯಲ್ಲಿ ತುಂಬಿ ಬೆಳಕಿಗೆ ಹಿಡಿದರೆ, ಜಿಗಿಜಿಗಿದು ಈಜುವ ಬಿಳಿಯ ಚುಕ್ಕೆಗಳಾಗಿ ಬರಿಗಣ್ಣಿಗೂ ತೋರುವುದು. ಅದು ಹುಳದ ಮರಿಯನ್ನು ನುಂಗುವುದು. ಅದರ ಹೊಟ್ಟೆಯಲ್ಲಿ ಮರಿಯು ಸುಮಾರು ಎರಡು ವಾರ ಬೆಳೆಯುವುದು. ಅನಂತರ ಅಂಥ ಸೈಕ್ಲಾಪ್ಸನ್ನು ನಾವು ನೀರಿನೊಡನೆ ಕುಡಿದರೆ, ಜಠರದ ಆಮ್ಲದಿಂದ ಅದು ಸಾಯುವುದು, ಒಳಗಿದ್ದ ಮರಿ ಬದುಕಿ ಹೊರಬಂದು ಕರುಳನ್ನು ಕೊರೆದುಕೊಂಡು ಹೋಗುವುದು. 1870ರ ಸುಮಾರಿಗೆ ತುರ್ಕಿಸ್ತಾನದಲ್ಲಿ ಸಂಶೋಧನೆ ನಡಿಸಿದ ಫೆಡ್ಚೆಂಕೋ ಎಂಬ ರಷ್ಯನ್ ವಿದ್ವಾಂಸನು ಈ ಗುಟ್ಟನ್ನು ಕಂಡುಹಿಡಿದನು.

ಹುಳವನ್ನು ಕೊಲ್ಲುವ ಔಷಧವು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಒಮ್ಮೆ ಬಂದವರಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಹೊರಗೆ ತೋರಿದ ತುದಿಯನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ ಎಳೆಯುತ್ತಾ ವಾರಗಟ್ಟಲೆ ಕಾದಿರಬೇಕು. ಅವಸರದಿಂದ ಎಳೆದು ಹುಳ ಹರಿದರೆ ಕಾಲು ಬಾತು ಕೀವು ತುಂಬುವುದು. ಈಜಿಪ್ತ ದೇಶದ ಪುರಾತನ ವೈದ್ಯಗ್ರಂಥದಲ್ಲಿಯೂ ಇದೇ ಚಿಕಿತ್ಸೆಯಿದೆಯೆಂದು ಪಂಡಿತರು ಅಭಿಪ್ರಾಯಪಡುತ್ತಾರೆ. ಅರಣ್ಯಕಾಂಡದ 21ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರನ್ನು ಪೀಡಿಸಿದ ಉರಿಯ ಸರ್ಪಗಳು ಈ ಹುಳಗಳೇ ಇರಬಹುದೆಂದು ಕೆಲವರು ಊಹಿಸಿದ್ದುಂಟು. ಊಹೆಗೆ ಮೀರಿದ ಬೆಲೆಯನ್ನು ನಾವು ಅದಕ್ಕೆ ಕೊಡಲಾರೆವು.

ಇನ್ನು ನಮ್ಮ ಸೀಮೆಯ ಮಾತು. ಜಮಖಂಡಿ, ಮುಧೋಳಗಳು 1948ರವರೆಗೆ ಸಂಸ್ಥಾನಗಳಾಗಿದ್ದು, ಅನಂತರ ವಿಜಾಪುರ ಜಿಲ್ಲೆಗೆ ಸೇರಿ, 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿವೆ. ಆ ಅಖಂಡ ವಿಜಾಪುರ ಜಿಲ್ಲೆಯು ಕರ್ನಾಟಕದಲ್ಲಿ ನಾರುಹುಣ್ಣು ಬೇರೂರಿದ ಜಿಲ್ಲೆಗಳಲ್ಲೊಂದಾಗಿತ್ತು. ಕೃಷ್ಣೆಯೂ ಘಟಪ್ರಭೆಯೂ ಹರಿಯುವ ನಾಡಿಗೆ ಈ ರೋಗವೇಕೆ ಎಂದು ಕೇಳಬಹುದು. ಹರಿಯುವ ನೀರಿನಿಂದ ಇದು ಹಬ್ಬುವುದಿಲ್ಲ. ಆದರೆ ಹೊಳೆ ಎಲ್ಲರ ಮನೆಯ ಬಾಗಿಲಿಗೆ ಬರುವುದಿಲ್ಲ. ಮಳೆ ಕಡಿಮೆಯಾದ ಎರೆಭೂಮಿಯ ಹಳ್ಳಿಗಳಿಗೆ ಮೆಟ್ಟಿಲುಗಳಿಂದ ಇಳಿಯುವ ನಡೆಬಾವಿಯೇ ಆಧಾರ. ಸೇದುವ ಬಾವಿಯಲ್ಲಿ ಕೊಡ ಮಾತ್ರ ನೀರನ್ನು ಮುಟ್ಟುವುದು. ನಡೆಬಾವಿಯಲ್ಲಿ ಕೊಡದೊಡನೆ ಕಾಲೂ ಮುಟ್ಟುವುದು. ಬೇಸಿಗೆಯಲ್ಲಿ ನೀರು ತಳ ಕಂಡಾಗ ಸೈಕ್ಲಾಪ್ಸುಗಳು ಆ ಸ್ವಲ್ಪ ನೀರಿನಲ್ಲಿ ಒತ್ತಾಗಿರುವವು. ಈ ಬೇಸಿಗೆಯಲ್ಲಿ ಕುಡಿದ ಹುಳ ಮುಂದಿನ ಬೇಸಿಗೆಗೆ ಕಾಲಿನಿಂದ ಹೊರಬರುವುದು. ಬಂದಾಗ ಅದೇ ಬಾವಿಯ ಅದೇ ಮೆಟ್ಟಿಲು. ಮುಂಗಾರಿನ ಬಿತ್ತನೆಯ ಹೊತ್ತಿಗೆ ದುಡಿಯುವವನು ಕಂಬಳಿ ಹೊದ್ದು ಮೂಲೆಯಲ್ಲಿ ಕುಳಿತರೆ ಆ ವರ್ಷದ ಬೆಳೆಯ ಗತಿಯೇನು? ನೀರು ತರುವ ತಾಯಿ ಮಲಗಿದರೆ ಕೊಡ ಮಗಳ ಸೊಂಟಕ್ಕೆ ಬರುವುದು; ಆಕೆಯ ಪಾಟಿಪುಸ್ತಕ ಗೂಟಕ್ಕೆ ತೂಗುವುದು.

ಭಾರತ ಸರಕಾರವು 1983-84ರಲ್ಲಿ ಈ ರೋಗದ ನಿರ್ಮೂಲನಕ್ಕೆ ಕೈಹಾಕಿದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 40 ಸಾವಿರ ರೋಗಿಗಳಿದ್ದರು. ಔಷಧವಿಲ್ಲದ ರೋಗವನ್ನು ಕಳೆಯುವ ಬಗೆ ಹೇಗೆ? ಹುಳದ ದಾರಿಯನ್ನು ಕಡಿದು. ನಡೆಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾಡಿದರು, ಕೊಳವೆಬಾವಿಗಳನ್ನು ತೋಡಿಸಿದರು, ಸೈಕ್ಲಾಪ್ಸುಗಳನ್ನು ಕೊಲ್ಲುವ ಟೆಮಿಫಾಸ್ ಎಂಬ ಮದ್ದನ್ನು ಅಳತೆಯಂತೆ ನೀರಿಗೆ ಬೆರಸಿದರು, ಹುಣ್ಣುಳ್ಳವರು ನೀರಿಗಿಳಿಯದಂತೆ ಪಟ್ಟಿ ಕಟ್ಟಿದರು. ಇವೆಲ್ಲಕ್ಕಿಂತ ಅಗ್ಗವಾದದ್ದು ಕೊಡದ ಬಾಯಿಗೆ ಕಟ್ಟಿದ ಒತ್ತು ನೇಯ್ಗೆಯ ಬಟ್ಟೆ. ಬಟ್ಟೆಯು ಕಣ್ಣಿಗೆ ಕಾಣದ ಮರಿಯನ್ನು ಹಿಡಿಯಬೇಕಾಗಿಲ್ಲ, ಮರಿಯನ್ನು ಹೊತ್ತ ಬಂಡಿಯನ್ನು ಹಿಡಿದರೆ ಸಾಕು. ಮಗ್ಗದ ಸದ್ದಿನಲ್ಲಿ ಬೆಳೆದ ರಬಕವಿ-ಬನಹಟ್ಟಿಯ ಹೆಣ್ಣುಮಕ್ಕಳಿಗೆ ಒತ್ತು ನೇಯ್ಗೆಗೂ ಜಾಳು ನೇಯ್ಗೆಗೂ ಇರುವ ಭೇದವನ್ನು ನಾವು ಕಲಿಸಬೇಕಾಗಿಲ್ಲ. ಸೋಸಿದ ಮೇಲೆ ಬಟ್ಟೆಯ ಮೇಲುಮಗ್ಗುಲನ್ನು ತಿರುಗುಮುರುಗಾಗಿ ಕಟ್ಟಬಾರದೆಂಬುದೊಂದೇ ಎಚ್ಚರಿಕೆ.

ಭಾರತದ ಕಡೆಯ ರೋಗಿ 1996ರ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದನು. 2000ನೆಯ ಇಸವಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ದೇಶವು ಈ ರೋಗದಿಂದ ಮುಕ್ತವಾಯಿತೆಂದು ಪ್ರಮಾಣಪತ್ರ ಕೊಟ್ಟಿತು. 1986ರಲ್ಲಿ ಲೋಕದಲ್ಲಿ ಸುಮಾರು 35 ಲಕ್ಷ ಜನರು ಇದರಿಂದ ನರಳುತ್ತಿದ್ದರು. 2023ರಲ್ಲಿ ವರದಿಯಾದವರು 14 ಜನರು, ಎಲ್ಲರೂ ಆಫ್ರಿಕಾ ಖಂಡದವರು. ಅಲ್ಲಿನ ಛಾಡ್ ದೇಶದಲ್ಲಿ ನಾಯಿಗಳಿಗೂ ಈ ಹುಳ ತಗಲಿರುವುದರಿಂದ ಕಾರ್ಯವು ಕಠಿನವಾಗಿದೆ.

ಜಂತುಹುಳವೇಕೆ ಹೀಗೆ ಹೋಗಲಿಲ್ಲ? ಅದರ ದಾರಿ ಒಂದೇ ಬಾವಿಯ ಮೂಲಕವಲ್ಲ. ಹೆಣ್ಣು ಜಂತು ದಿನವೊಂದಕ್ಕೆ ಸುಮಾರು ಎರಡು ಲಕ್ಷ ತತ್ತಿಗಳನ್ನಿಡುವುದು. ಬಯಲು ಶೌಚದಿಂದ ಮಣ್ಣಿಗೆ ಬಿದ್ದ ತತ್ತಿ ಕೆಲವು ವಾರಗಳಲ್ಲಿ ಪಕ್ವವಾಗಿ, ವರ್ಷಗಟ್ಟಲೆ ಸಾಯದೆ ಕಾಯುವುದು. ಮಣ್ಣಾಡಿದ ಕೈಯಿಂದಲೋ ತೊಳೆಯದ ಸೊಪ್ಪಿನಿಂದಲೋ ಹೊಟ್ಟೆ ಸೇರಿದ ಮೇಲೆ ಮರಿಯು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ ಏರಿ ಮರಳಿ ನುಂಗಲ್ಪಟ್ಟು ಕರುಳಿನಲ್ಲಿ ನೆಲೆಸುವುದು. ಕೊಕ್ಕೆಹುಳದ ಮರಿಯಾದರೋ ತೇವವಾದ ಮಣ್ಣಿನಲ್ಲಿ ಬರಿಗಾಲಿನ ಚರ್ಮವನ್ನೇ ಕೊರೆದು ಒಳಹೊಕ್ಕು, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತವನ್ನು ಹೀರುವುದು. ನೀರಾವರಿಯ ಕಬ್ಬಿನ ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಚಪ್ಪಲಿ ಬೇಕೆನ್ನುವುದು ಶೋಕಿಯ ಮಾತಲ್ಲ.

2015ರಿಂದ ಶಾಲೆಗಳಲ್ಲಿಯೂ ಅಂಗನವಾಡಿಗಳಲ್ಲಿಯೂ ಅಲ್ಬೆಂಡಜೋಲ್ ಮಾತ್ರೆಯನ್ನು ಮಕ್ಕಳಿಗೆ ಕೊಡುತ್ತಿರುವರು. ಹುಳ ಹೆಚ್ಚಾಗಿರುವ ಮಗುವಿಗೆ ಅಂದು ತುಸು ಹೊಟ್ಟೆನೋವೋ ಓಕರಿಕೆಯೋ ಆಗಬಹುದು. ಅದನ್ನು ಕೇಳಿ ಕೆಲವು ಪಾಲಕರು ಮಗಳನ್ನು ಅಂದು ಶಾಲೆಗೇ ಕಳಿಸುವುದಿಲ್ಲ. ಆ ತೊಂದರೆ ಸಾಮಾನ್ಯವಾಗಿ ತಾನಾಗಿಯೇ ಶಮನವಾಗುವುದು. ಮಾತ್ರೆಯು ಹೊಟ್ಟೆಯೊಳಗಿನ ಹುಳವನ್ನು ಕೊಲ್ಲುವುದೇ ಹೊರತು ಅಂಗಳದ ಮಣ್ಣಿನಲ್ಲಿರುವ ತತ್ತಿಯನ್ನು ಮುಟ್ಟಲಾರದು. ಆದಕಾರಣವೇ ಅದನ್ನು ಮತ್ತೆ ಮತ್ತೆ ಕೊಡಬೇಕಾಗುತ್ತದೆ.