ಪರಸ್ಥಳದಲ್ಲಿದ್ದು ಆಸ್ತಿ ಕೊಳ್ಳುವವರು ತಿಳಿದಿರತಕ್ಕ ಕೆಲವು ವಿಷಯಗಳು

ಸ್ಥಿರಸ್ವತ್ತನ್ನು ಕೊಳ್ಳುವವನು ಅದನ್ನು ಅಕ್ಕಿಯಂತೆ ಅಳೆದು, ಚಿನ್ನದಂತೆ ಒರೆಗೆ ಹಚ್ಚಿ ಮನೆಗೆ ಹೊತ್ತು ತರಲಾರನು. ಅವನ ಕೈಗೆ ಬರುವುದು ಕಾಗದವೊಂದೇ. ಆದುದರಿಂದ ಆಸ್ತಿಯ ವ್ಯವಹಾರದಲ್ಲಿ ನಡೆಯುವ ಮೋಸವು ಬಹುಮಟ್ಟಿಗೆ ಕಾಗದದ ಮೋಸವೇ ಆಗಿರುತ್ತದೆ. ಕಾಗದವನ್ನು ಬರೆಯುವ, ಓದಿ ಹೇಳುವ, ಜೋಪಾನವಾಗಿಡುವ ವ್ಯಕ್ತಿಯೇ ಮೋಸಕ್ಕೆ ಹೊರಟರೆ ಅದನ್ನು ಕಂಡುಹಿಡಿಯಲು ಯಾರೂ ಉಳಿಯುವುದಿಲ್ಲ. ನಮ್ಮ ಶಾಲೆಯಲ್ಲಿ ಓದಿ ಗಲ್ಫ್ ದೇಶಗಳಲ್ಲಿಯೂ ಮುಂಬಯಿ, ಬೆಂಗಳೂರುಗಳಲ್ಲಿಯೂ ನೆಲೆಸಿರುವ ಹಳೆವಿದ್ಯಾರ್ಥಿಗಳು ಊರಿನಲ್ಲಿ ಹತ್ತು ಸೆಂಟ್ಸ್ ಜಾಗವನ್ನೋ ಮಂಗಳೂರಿನಲ್ಲಿ ಒಂದು ಫ್ಲಾಟನ್ನೋ ಕೊಳ್ಳುವ ಕಾಲದಲ್ಲಿ ಈ ವಿಷಯವನ್ನು ತುಸು ಬಿಡಿಸಿ ಹೇಳುವುದು ಯುಕ್ತವೆಂದು ನಮಗೆ ತೋರಿತು.

ಮೊದಲು ಅಯರ್ಲೆಂಡಿನ ಪ್ರಕರಣವೊಂದನ್ನು ನೋಡೋಣ. ಅಷ್ಟು ದೂರ ಹೋಗುವುದೇಕೆಂದರೆ, ಅದರ ವಿಚಾರಣೆ ಮುಗಿದು ತೀರ್ಪಾಗಿದೆ. ವಂಚನೆಯ ಯಂತ್ರದ ಒಳಗಿನ ಚಕ್ರಗಳೂ ಅಲ್ಲಿ ಚೆನ್ನಾಗಿ ಕಾಣಿಸುತ್ತವೆ. 2007ಕ್ಕೆ ಹಿಂದಿನ ಕೆಲವು ವರ್ಷ ಆ ದೇಶದಲ್ಲಿ ಮನೆಗಳ ಬೆಲೆ ಏರುತ್ತಲೇ ಇತ್ತು. ಸಾಧಾರಣ ಗೃಹಸ್ಥರೂ ಪೋರ್ತುಗಾಲ್, ಬಲ್ಗೇರಿಯ, ಹಂಗೆರಿ ಮುಂತಾದೆಡೆ ಮನೆಗಳನ್ನು ಕೊಳ್ಳಲು ಮುಂಗಡ ಕೊಡತೊಡಗಿದರು. ಹೀಗೆ ಮನೆಗಳನ್ನು ಮಾರುತ್ತಿದ್ದವರಲ್ಲಿ ಮೈಕೆಲ್ ಲಿನ್ ಎಂಬವನೊಬ್ಬ. ಅವನು ವೃತ್ತಿಯಿಂದ ಸಾಲಿಸಿಟರ್, ಎಂದರೆ ಆಸ್ತಿಯ ಕಾಗದಪತ್ರಗಳನ್ನು ಸಿದ್ಧಪಡಿಸುವ ವಕೀಲ. ಜೊತೆಗೆ ಕೆಂಡಾರ್ ಎಂಬ ಹೆಸರಿನ ಆಸ್ತಿ ವ್ಯಾಪಾರವೂ ಅವನದೇ.

ಅಲ್ಲಿ ನಡೆದುಬಂದ ಪದ್ಧತಿಯೊಂದನ್ನು ಇಲ್ಲಿ ತಿಳಿಯಬೇಕು. ಬ್ಯಾಂಕು ಸಾಲ ಕೊಡುವಾಗ, ಆ ಮನೆಯ ಮೇಲೆ ಬ್ಯಾಂಕಿನ ಅಡವನ್ನು ನೊಂದಾಯಿಸಿ ಕೊಡುವೆನೆಂದು ಸಾಲಿಸಿಟರನು ಒಂದು ಮುಚ್ಚಳಿಕೆ ಬರೆದುಕೊಡುತ್ತಾನೆ. ಬ್ಯಾಂಕು ಅದನ್ನು ನಂಬಿ ಹಣ ಕೊಡುತ್ತದೆ, ನೊಂದಾವಣೆ ಆಮೇಲೆ. ಈ ನಡುವಣ ಕಾಲವೇ ವಂಚನೆಗೆ ಸಿಕ್ಕಿದ ಬಾಗಿಲು. ಡಬ್ಲಿನ್ ನಗರದ ಸಮೀಪದ ಹೌತ್ ಎಂಬಲ್ಲಿ ಒಂದೇ ಮನೆಯ ಮೇಲೆ ಮೂರು ಸಂಸ್ಥೆಗಳಿಂದ ಸಾಲ ಎತ್ತಲಾಯಿತು. ಪ್ರತಿಯೊಂದು ಸಂಸ್ಥೆಯೂ ಆ ಮನೆ ತನಗೊಬ್ಬನಿಗೇ ಅಡವಾಗಿದೆಯೆಂದು ಭಾವಿಸಿತ್ತು.

2007ರ ಡಿಸೆಂಬರಿನಲ್ಲಿ ನ್ಯಾಯಾಲಯಕ್ಕೆ ಹಾಜರಾಗಬೇಕಾದಾಗ ಅವನು ದೇಶದಲ್ಲಿ ಇರಲಿಲ್ಲ. 2008ರಲ್ಲಿ ವಕೀಲರ ಪಟ್ಟಿಯಿಂದ ಅವನ ಹೆಸರನ್ನು ತೆಗೆದುಹಾಕಿದರು. 2013ರಲ್ಲಿ ಬ್ರೆಜಿಲಿನಲ್ಲಿ ಸೆರೆಯಾಗಿ 2018ರಲ್ಲಿ ಅಯರ್ಲೆಂಡಿಗೆ ತರಲ್ಪಟ್ಟನು. ಮೊದಲ ವಿಚಾರಣೆಯಲ್ಲಿ ಜೂರಿಗಳು ಒಮ್ಮತಕ್ಕೆ ಬರಲಿಲ್ಲ. ತಾನು ಮಾಡಿದುದೆಲ್ಲ ಬ್ಯಾಂಕುಗಳಿಗೆ ತಿಳಿದೇ ಇತ್ತೆಂಬುದು ಅವನ ವಾದವಾಗಿತ್ತು. ಎರಡನೆಯ ವಿಚಾರಣೆಯಲ್ಲಿ, 2023ರ ಡಿಸೆಂಬರಿನಲ್ಲಿ, ಆರು ಸಂಸ್ಥೆಗಳಿಂದ ಸುಮಾರು 1 ಕೋಟಿ 80 ಲಕ್ಷ ಯೂರೋ ಕದ್ದ ಹತ್ತು ಆರೋಪಗಳು ಸ್ಥಿರಪಟ್ಟವು. 2024ರ ಫೆಬ್ರವರಿಯಲ್ಲಿ ಐದೂವರೆ ವರ್ಷದ ಸೆರೆಮನೆವಾಸ ವಿಧಿಸಲ್ಪಟ್ಟಿತು. ವಾಚಕರು ಒಂದನ್ನು ಗಮನಿಸಬೇಕು: ಶಿಕ್ಷೆಯಾದುದು ಬ್ಯಾಂಕುಗಳ ಹಣದ ಬಗೆಗೆ. ಪರದೇಶದ ಮನೆಗಾಗಿ ಮುಂಗಡ ಕೊಟ್ಟು ಮನೆ ಕಾಣದೆ ಹೋದ ಗೃಹಸ್ಥನಿಗೆ ಈ ತೀರ್ಪಿನಿಂದ ಒಂದು ಇಟ್ಟಿಗೆಯೂ ದೊರೆಯಲಿಲ್ಲ.

ಮಾರುವವನೂ ಅವನೇ, ಕಾಗದ ಬರೆಯುವವನೂ ಅವನೇ, ಹಣ ಹಿಡಿದುಕೊಂಡಿರುವವನೂ ಅವನೇ ಆದಾಗ ಪರೀಕ್ಷಿಸುವ ಕಣ್ಣು ಬೇರೊಂದಿರುವುದಿಲ್ಲ. ನಮ್ಮ ದೇಶದಲ್ಲಿ ವಕೀಲನು ಸ್ವತಃ ವ್ಯಾಪಾರ ನಡೆಸಕೂಡದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವಿದೆ. ನಿಯಮಗಳು ಅಯರ್ಲೆಂಡಿನಲ್ಲಿಯೂ ಇದ್ದವು.

ಕಾಸರಗೋಡಿನವರಾದ ನಮಗೆ ಇನ್ನೊಂದು ತೊಡಕಿದೆ, ಅದು ಭಾಷೆಯದು. 1956ರ ನವೆಂಬರ್ 1ರ ತನಕ ಈ ನಾಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ವರ್ಗ, ಮೂಲಗೇಣಿ, ಚಾಲಗೇಣಿ, ಅಡವು ಮುಂತಾದ ಪತ್ರಗಳು ಅಂದು ಕನ್ನಡದಲ್ಲಿ, ಅದೂ ಬಿಡಿಸಿ ಓದಲು ಕಷ್ಟವಾದ ಕೂಡುಬರಹದಲ್ಲಿ, ಬರೆಯಲ್ಪಡುತ್ತಿದ್ದವು. ಇಂದಿನ ಕ್ರಯಪತ್ರಗಳು ಸಾಮಾನ್ಯವಾಗಿ ಮಲೆಯಾಳದಲ್ಲಿರುತ್ತವೆ. ಅಜ್ಜನ ಪತ್ರವನ್ನು ಮೊಮ್ಮಗನು ಓದಲಾರನು. ಮೊಮ್ಮಗನ ಪತ್ರವನ್ನು ಅಜ್ಜಿ ಓದಲಾರಳು. ಹೀಗಿರಲು ದಸ್ತಾವೇಜು ಬರಹಗಾರನೋ ದಲ್ಲಾಳಿಯೋ ಓದಿ ಹೇಳಿದುದೇ ವೇದವಾಕ್ಯ. ಅವರಲ್ಲಿ ಹೆಚ್ಚಿನವರು ಪ್ರಾಮಾಣಿಕರೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೂ ಅವರನ್ನು ಮಾರುವವನೇ ಕರೆತಂದಿದ್ದರೆ ಪತ್ರವನ್ನು ಇನ್ನೊಬ್ಬರಿಂದ ಓದಿಸಿ, ಸರ್ವೆ ನಂಬ್ರವನ್ನೂ ಚಕ್ಕುಬಂದಿಯನ್ನೂ ಜಾಗದಲ್ಲಿ ನಿಂತು ತಾಳೆ ನೋಡಬೇಕು. ಮಾತಿನಲ್ಲಿ ಸೆಂಟ್ಸ್, ಕಾಗದದಲ್ಲಿ ಆರ್ ಇರುವುದುಂಟು. ಒಂದು ಆರ್ ಎಂದರೆ 100 ಚದರ ಮೀಟರ್, ಸುಮಾರು 2.47 ಸೆಂಟ್ಸ್, ಹತ್ತು ಸೆಂಟ್ಸಿಗೆ 4.05 ಆರ್ ಇರಬೇಕು. ಏಳನೆಯ ತರಗತಿಯ ಗಣಿತ ಇದಕ್ಕೆ ಸಾಕು.

ಊರಿನಲ್ಲಿಲ್ಲದವನು ತನ್ನ ಪರವಾಗಿ ನಡೆಸಲು ಬೇರೊಬ್ಬನಿಗೆ ಕೊಡುವ ಅಧಿಕಾರಪತ್ರವನ್ನು ಜನರು ‘ಪವರ್’ ಎನ್ನುತ್ತಾರೆ. ಪವರ್ ಎಂಬುದು ಕ್ರಯವಲ್ಲ. ಕ್ರಯದ ಕರಾರು, ಅಧಿಕಾರಪತ್ರ, ಮರಣಶಾಸನ ಈ ಮೂರನ್ನು ಬರೆಸಿಕೊಂಡು ಜಾಗ ತನ್ನದಾಯಿತೆಂದು ತಿಳಿದವರು ನಮ್ಮ ದೇಶದಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಸೂರಜ್ ಲ್ಯಾಂಪ್ ಎಂಬ ಸಂಸ್ಥೆಗೂ ಹರಿಯಾಣ ಸರಕಾರಕ್ಕೂ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2011ರ ಅಕ್ಟೋಬರಿನಲ್ಲಿ, ಅಂಥ ಪತ್ರಗಳಿಂದ ಒಡೆತನ ಬಾರದು, ನೊಂದಾಯಿತ ಕ್ರಯಪತ್ರವೇ ಬೇಕು ಎಂದು ಸ್ಪಷ್ಟವಾಗಿ ಹೇಳಿತು. ಮಗನಿಗೋ ತಮ್ಮನಿಗೋ ನಿಜವಾದ ಉಸ್ತುವಾರಿಗಾಗಿ ಕೊಟ್ಟ ಪವರ್ ಇದರಿಂದ ಕೆಡುವುದಿಲ್ಲ. ಆದರೆ ಸಾಮಾನ್ಯವಾಗಿ ಕೊಟ್ಟವನು ಮೃತನಾದರೆ ಅದೂ ಮುಗಿಯಿತು. ಪರದೇಶದಲ್ಲಿ ಸಹಿ ಮಾಡಿದ ಪವರ್ ಇಲ್ಲಿಗೆ ತಲಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ತೆರತಕ್ಕದ್ದು. ಪವರಿನಲ್ಲಿ ‘ಮಾರಲು’ ಎಂಬ ಒಂದು ಶಬ್ದ ಇದೆಯೇ ಇಲ್ಲವೇ ಎಂದು ಸಹಿಗೆ ಮುನ್ನ ನೋಡಿಕೊಳ್ಳುವುದು ಒಳ್ಳೆಯದು. ತೀರ್ವೆ ಕಟ್ಟಲು ಕಳಿಸಿದ ಪತ್ರದಿಂದ ತೋಟವೇ ಮಾರಿಹೋಗಬಹುದು.

ಸಬ್ ರಿಜಿಸ್ಟ್ರಾರ್ ಕಛೇರಿಯ ಬಾಧ್ಯತಾ ಸರ್ಟಿಫಿಕೇಟನ್ನು ತೆಗೆಸಿದರೆ ಎಲ್ಲವೂ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಅದರಲ್ಲಿ ಕಾಣಿಸುವುದು ನೊಂದಾಯಿತ ವ್ಯವಹಾರಗಳು ಮಾತ್ರ. ಮೂಲಪತ್ರವನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲವು ನೊಂದಾಯಿತವಾಗದಿದ್ದರೆ ಅಲ್ಲಿ ಕಾಣದು. ಆದುದರಿಂದ ಮೂಲಪತ್ರವನ್ನು ಕಣ್ಣಾರೆ ನೋಡಬೇಕು. ‘ಕಳೆದುಹೋಗಿದೆ, ನಕಲು ಇದೆ’ ಎಂದರೆ ಅಲ್ಲಿಯೇ ನಿಲ್ಲಬೇಕು. ಒಂದೇ ಆಸ್ತಿಯ ಮೇಲೆ ಹಲವು ಸಾಲಗಳನ್ನು ತಡೆಯುವುದಕ್ಕೆಂದು 2011ರಿಂದ ಸೆರ್ಸಾಯಿ ಎಂಬ ಕೇಂದ್ರ ದಾಖಲಾತಿ ಇದೆ. ಅಲ್ಪ ಶುಲ್ಕ ಕೊಟ್ಟು ಯಾರು ಬೇಕಾದರೂ ಅದರಲ್ಲಿ ಹುಡುಕಬಹುದು. ಅಯರ್ಲೆಂಡಿನ ಬ್ಯಾಂಕುಗಳಿಗೆ ಬೇಕಾಗಿದ್ದುದು ಇಂಥದೇ.

ಫ್ಲಾಟು ಕೊಳ್ಳುವವರಿಗೆ 2016ರ ರೇರಾ ಕಾಯಿದೆಯ ಆಶ್ರಯವಿದೆ. ಕರಾರು ನೊಂದಾಯಿಸದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕೊಂಡವರ ಹಣದ ಶೇಕಡಾ 70ನ್ನು ಆ ಕಟ್ಟಡಕ್ಕಾಗಿಯೇ ಪ್ರತ್ಯೇಕ ಖಾತೆಯಲ್ಲಿಡಬೇಕು. ಎಂಟಕ್ಕೆ ಮೀರದ ಫ್ಲಾಟುಗಳ ಸಣ್ಣ ಕಟ್ಟಡಗಳಿಗೆ ನೊಂದಾವಣೆಯ ಕಡ್ಡಾಯವಿಲ್ಲ. ನಮ್ಮ ಕಡೆಯ ಪೇಟೆಗಳಲ್ಲಿ ಸಣ್ಣ ಕಟ್ಟಡಗಳೇ ಹೆಚ್ಚು ಎಂಬುದನ್ನು ಮರೆಯಬಾರದು.

ಕನ್ನಡಿಗರು ಕನ್ನಡದಲ್ಲಿಯೇ ಸರಕಾರಕ್ಕೂ ಈ ಪ್ರದೇಶದ ಕಛೇರಿಗಳಿಗೂ ಪತ್ರ ಬರೆದು ಕನ್ನಡದಲ್ಲಿಯೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಆಡಳಿತಭಾಷಾ ಕಾಯಿದೆ ನೀಡಿದೆ. ವಿಲ್ಲೇಜ್ ಆಫೀಸಿನಲ್ಲಿ ವಿಚಾರಿಸಲು ಮಲೆಯಾಳ ಬಾರದೆಂದು ದಲ್ಲಾಳಿಯನ್ನು ಕಳುಹಿಸಬೇಕಾದ ಅಗತ್ಯವಿಲ್ಲ. ಮನೆಯಲ್ಲಿರುವ ಹಳೆಯ ಕನ್ನಡ ಪತ್ರಗಳನ್ನು ಓದಲಾಗದವರು ಶನಿವಾರ ಅಪರಾಹ್ನ ಶಾಲೆಗೆ ತಂದರೆ ಕೂಡುಬರಹ ಬಲ್ಲ ನಮ್ಮ ಹಿರಿಯ ನಿವೃತ್ತ ಅಧ್ಯಾಪಕರು ಓದಿ ಹೇಳುವರು. ಮೂಲಪತ್ರ ತರುವುದು ಬೇಡ, ನಕಲು ಸಾಕು.